ಖಾಲಿ ಬಿಟ್ಟ ಸ್ವರ

ಪ್ಯಾರಿಸ್, 4 ಅಕ್ಟೋಬರ್ 1846

ಮದುವೆಯಾಗಿ ಇಂದಿಗೆ ಹದಿನೇಳು ದಿನ. ಇಷ್ಟೊಂದು ಸುಖ ಒಬ್ಬಳಿಗೇ ಸಿಕ್ಕಿಬಿಟ್ಟರೆ ಊರಿನ ಉಳಿದ ಹೆಂಗಸರಿಗೆ ಕಡಿಮೆ ಬೀಳುವುದಿಲ್ಲವೇ ಎಂದು ನನಗೆ ನಿಜವಾಗಿಯೂ ಚಿಂತೆಯಾಗುತ್ತದೆ. ಐದನೆಯ ಮಹಡಿ, ಎರಡೇ ಕೋಣೆ, ಹೊಗೆ ಕಾರುವ ಒಲೆ. ಆ ಹೊಗೆಯೂ ನನಗೆ ಚಂದವೇ. ಆನ್ಸೆಲ್ಮ್ ಬರೆಯುವಾಗ ನಾಲಿಗೆಯ ತುದಿಯನ್ನು ಹಲ್ಲಿನ ನಡುವೆ ಕಚ್ಚಿಕೊಳ್ಳುತ್ತಾರೆ. ಇದು ಮೊದಲೇ ಗೊತ್ತಿದ್ದರೆ ಇನ್ನೂ ಬೇಗ ಒಪ್ಪಿಕೊಳ್ಳುತ್ತಿದ್ದೆ.

ದೊಡ್ಡ ಸುದ್ದಿ: ಅವರ ‘ಸ್ವರನಗರಿ’ ಕಾದಂಬರಿ ಪತ್ರಿಕೆಯಲ್ಲಿ ಶುರುವಾಯಿತು. ವಾರಕ್ಕೆ ಎರಡು ಕಂತು, ಮೊದಲ ಪುಟದ ಕೆಳಭಾಗ ಪೂರ್ತಿ ಅವರದೇ. ಆದರೆ ಅವರ ಅಕ್ಷರ ದೇವರಿಗೂ ಓದಲಾಗದು. ಅಚ್ಚಿನ ಮನೆಯ ಮೇಸ್ತ್ರಿ ಮೊದಲ ಹಾಳೆ ನೋಡಿ, “ಇದನ್ನ ಕೋಳಿ ಬರೀತಾ ಸ್ವಾಮಿ, ಇಲ್ಲ ನೀವಾ?” ಅಂದನಂತೆ. ನನ್ನ ಅಕ್ಷರವೋ, ಬುಲೋನ್ ಊರಿನ ಇಂಗ್ಲಿಷ್ ಸನ್ಯಾಸಿನಿಯರು ಏಳು ವರ್ಷ ಬೆರಳಿಗೆ ಹೊಡೆದು ತಿದ್ದಿಸಿದ ಗುಂಡು ಅಕ್ಷರ. ಹಾಗಾಗಿ ಅವರು ಗೀಚುತ್ತಾರೆ, ನಾನು ಶುದ್ಧಪ್ರತಿ ಮಾಡುತ್ತೇನೆ, ಮಧ್ಯಾಹ್ನ ಮೂರಕ್ಕೆ ಕೆಲಸದ ಪೆರೀನಮ್ಮ ಅದನ್ನು ಅಚ್ಚಿಗೆ ಒಯ್ಯುತ್ತಾಳೆ. ಕರಡು ತಿದ್ದಲು ಯಾರಿಗೂ ಹೊತ್ತಿಲ್ಲ. ಆನ್ಸೆಲ್ಮ್ ತಮ್ಮ ಕಥೆಯನ್ನು ಮತ್ತೆ ನೋಡುವುದು ಮರುದಿನ ಬೆಳಿಗ್ಗೆ, ಕಾಫಿ ಬಟ್ಟಲಿನ ಮುಂದೆ, ಪ್ಯಾರಿಸ್ಸಿನ ಜೊತೆಗೆ.

ಆ ನಗರಿಯ ಕನಸು ಅಪ್ಪನದು. ಅವರೂ ಅದನ್ನೇ ಹೇಳುತ್ತಾರೆ, ಎಷ್ಟು ದೊಡ್ಡ ಮನಸ್ಸು. ಲ್ವಾರ್ ನದಿಯ ದಂಡೆಯ ನಮ್ಮ ಮೊಂತ್ರಿವೆಲ್‌ನಲ್ಲಿ ಅಪ್ಪ ಚರ್ಚಿನ ಆರ್ಗನ್ ನುಡಿಸುತ್ತಿದ್ದ. ಭಾನುವಾರ ಪೂಜೆ ಮುಗಿದ ಮೇಲೆ ಚರ್ಮ ಹದ ಮಾಡುವ ಹಳೆಯ ಕೊಟ್ಟಿಗೆಯಲ್ಲಿ ಬಟ್ಟೆ ಒಗೆಯುವ ಹೆಂಗಸರಿಗೂ ದೋಣಿಯವರಿಗೂ ಹಾಡು ಕಲಿಸುತ್ತಿದ್ದ. ಹಾಜರಿಗೆ ಹೆಸರು ಕೂಗುತ್ತಿರಲಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಸ್ವರ. ಸಾಲಾಗಿ ತಮ್ಮ ತಮ್ಮ ಸ್ವರ ಹಾಡಬೇಕು. ಬಾರದವರ ಜಾಗದಲ್ಲಿ ಎಲ್ಲರೂ ಒಂದು ತಾಳದಷ್ಟು ಸುಮ್ಮನಿದ್ದು ಮುಂದೆ ಹೋಗಬೇಕು. ಮನುಷ್ಯರೆಲ್ಲ ಹೀಗೆ ಒಟ್ಟಿಗೆ ಹಾಡಿದರೆ ಪೊಲೀಸರೂ ಬೇಡ, ಮಂತ್ರಿಗಳೂ ಬೇಡ ಎನ್ನುತ್ತಿದ್ದ. ಆನ್ಸೆಲ್ಮ್ ಅದನ್ನೇ ಒಂದು ಊರಾಗಿ ಕಟ್ಟಿದ್ದಾರೆ. ಬೀದಿಗೊಂದು ಗೋಪುರ, ಹುಟ್ಟಿದ ಪ್ರತಿ ಮಗುವಿಗೂ ಹೊರಗಿನಿಂದ ಬಂದವರಿಗೂ ಅಲ್ಲಿ ಒಂದೊಂದು ಗಾಜಿನ ಗಂಟೆ, ಬೆಳಗಾದರೆ ಅವು ಸಾಲಾಗಿ ನುಡಿದು ಊರೆಲ್ಲ ತನ್ನನ್ನು ತಾನೇ ಕೇಳಿಸಿಕೊಳ್ಳುತ್ತದೆ. ದೂರದಿಂದ ಬಂದ ಪ್ರವಾಸಿಯೊಬ್ಬ ಇದನ್ನೆಲ್ಲ ನೋಡುತ್ತಾನೆ.

ಪ್ರತಿ ಮಾಡುತ್ತ ಅತ್ತೆ. ಮಸಿ ಹರಡಿ ಒಂದು ಹಾಳೆ ಹಾಳಾಯಿತು.

9 ಅಕ್ಟೋಬರ್

ಇವತ್ತು ಅವರಿಗೆ ಎಲ್ಲ ಹೇಳಿದೆ. ಸಂಗೀತ ವಿಮರ್ಶಕ ಬುಸ್ಕಾರೆಲ್‌ನ ಹೆಸರು ಹೇಳಿದೆ.

ಎರಡು ವರ್ಷದ ಹಿಂದೆ, ನಾನಿನ್ನೂ ಬುಲೋನ್‌ನಲ್ಲಿದ್ದಾಗ, ಆ ಲೇಖನ ಬಂತು. ‘ಮೊಂತ್ರಿವೆಲ್‌ನ ಕಪ್ಪೆಗಳಿಗೂ ಒಬ್ಬ ಗುರು ಸಿಕ್ಕಿದ್ದಾನೆ’ ಎಂದು ಶುರು. ಒಗೆಯುವ ಹೆಂಗಸರು ಬಾಯಿ ತೆರೆದರೆ ಸೋಪಿನ ಗುಳ್ಳೆ ಬರುತ್ತದಂತೆ, ಮುದುಕ ಗುರುವಿಗೆ ಕಿವಿಗಿಂತ ಕನಸೇ ಉದ್ದವಂತೆ. ಕೆಳಗೆ ‘ಬ’ ಎಂಬ ಒಂದೇ ಅಕ್ಷರದ ಸಹಿ, ಅದು ಯಾರದೆಂದು ಪ್ಯಾರಿಸ್ಸಿನಲ್ಲಿ ಮಕ್ಕಳಿಗೂ ಗೊತ್ತು. ಊರಿನ ದೊಡ್ಡವರು ನಕ್ಕರು, ಕೊಟ್ಟಿಗೆಗೆ ಬೀಗ ಹಾಕಿದರು. ಹೆಂಗಸರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅಪ್ಪ ಆರ್ಗನ್ನಿನ ಮುಂದೆ ಕೂತರೂ ಕೈ ಮೇಲೆತ್ತುತ್ತಿರಲಿಲ್ಲವಂತೆ. ಆ ಚಳಿಗಾಲ ಅವನು ದಾಟಲಿಲ್ಲ.

“ಅವನನ್ನ ನಗರಿಗೆ ಕರ್ಕೊಂಡು ಬನ್ನಿ,” ಅಂದೆ. “ನನಗೋಸ್ಕರ ರೀ. ತಗಡಿನ ಕಿವಿಯವನು ಅಂತ ಹೆಸರಿಡಿ. ಯಾರು ಅಂತ ಎಲ್ಲರಿಗೂ ಗೊತ್ತಾಗ್ಬೇಕು.”

ಅವರು ಲೇಖನಿಯ ತುದಿಯ ಮಸಿ ಒರೆಸಿದರು. “ಹಳೇ ಕಥೆ, ಬಿಡೇ ಜೆಲಿ. ಜೀವ ಇರೋ ಮನುಷ್ಯನ್ನ ಹಿಡಿದು ಕಥೆಯೊಳಗೆ ಹಾಕೋದು ಅಷ್ಟು ಚೆನ್ನಾಗಿರಲ್ಲ.”

“ನಮ್ಮಪ್ಪನೂ ಜೀವ ಇರೋ ಮನುಷ್ಯನೇ ಆಗಿದ್ದ.”

ಅವರ ಮುಖ ಹೇಗೆ ಬಿಳಿಚಿಕೊಂಡಿತು! ಎಂಥ ಮೃದು ಹೃದಯ. ತಾನು ಕಂಡೇ ಇರದ ಮಾವನಿಗಾಗಿ ಯಾವ ಗಂಡ ಹೀಗೆ ಮರುಗುತ್ತಾನೆ ಎಂದು ಅನ್ನಿಸಿ ಕುತ್ತಿಗೆಗೆ ಜೋತುಬಿದ್ದೆ. ಕೊನೆಗೆ ಒಪ್ಪಿದರು.

23 ಅಕ್ಟೋಬರ್

ತಗಡಿನ ಕಿವಿಯವನು ಬಂದ, ಪ್ಯಾರಿಸ್ ನಕ್ಕಿತು. ಬುಸ್ಕಾರೆಲ್‌ನ ಹೊಟ್ಟೆ, ಮೂರು ಗದ್ದ, ಹಾಡು ಮುಗಿಯುವ ಮೊದಲೇ ಆಕಳಿಸುವ ಚಾಳಿ, ಎಲ್ಲವೂ ಇದೆ. ಅವನು ನಗರಿಗೆ ಬಂದು ಮುದಿ ಗುರುವನ್ನು ಹೀಯಾಳಿಸಿದ. ಪತ್ರಿಕೆಗೆ ಮೂಟೆಗಟ್ಟಲೆ ಕಾಗದ ಬರುತ್ತಿವೆಯಂತೆ. ಅವನಿಗೇನು ಶಿಕ್ಷೆ ಎಂದು ಎಲ್ಲರೂ ಕೇಳುತ್ತಿದ್ದಾರೆ. ಒಬ್ಬ ಟೋಪಿ ವ್ಯಾಪಾರಿ ಅವನ ಕಿವಿಗೆ ಸೀಸ ಸುರಿಯಬೇಕೆಂದು ಬರೆದಿದ್ದಾನೆ. ಒಳ್ಳೆಯ ಮನುಷ್ಯ.

ಶಿಕ್ಷೆ ಯೋಚಿಸಿದ್ದು ನಾನು. ಇವತ್ತು ಸ್ನಾನ ಮಾಡುವಾಗ ಹೊಳೆಯಿತು. ಅವನ ಗಂಟೆ ಇಳಿಸಿ, ಬೆಳಗಿನ ಗೋಪುರದ ನಾದದಲ್ಲಿ ಅವನ ಸ್ವರವನ್ನು ತೆಗೆದುಬಿಡಬೇಕು. ಇಡೀ ಊರು ದಿನವೂ ಆ ಒಂದು ತಾಳದಷ್ಟು ಮೌನವನ್ನು ಕೇಳಬೇಕು, ಕೇಳಿ ಅವನ ಕಡೆ ತಿರುಗಿ ನೋಡಬೇಕು. ಆನ್ಸೆಲ್ಮ್ ಇದನ್ನು ಕೇಳಿ, “ನೀನು ಕೆಟ್ಟವಳು ಕಣೇ,” ಎಂದು ಮೆಲ್ಲಗೆ ಅಂದರು. ಹೆಮ್ಮೆಯಿಂದ ಉಬ್ಬಿಹೋದೆ.

ಪೆರೀನಮ್ಮನಿಗೂ ಓದಿ ಹೇಳಿದೆ. ಅವಳು ಬಟಾಣಿ ಸುಲಿಯುತ್ತ ಕೂತಿದ್ದಳು. ತಲೆ ಎತ್ತದೆ, “ನಿಮ್ಮಪ್ಪಾಜಿನೂ ಹಂಗೇ ಖಾಲಿ ಬಿಡ್ತಿದ್ರು ಅಂದ್ರಲ್ಲಮ್ಮಾ. ಅದೂ ಶಿಕ್ಷೆನಾ?” ಅಂದಳು.

“ಅದು ಬೇರೆ. ಅದು ಬಾರದವರಿಗೆ ಕಾಯೋದು.”

“ಓ,” ಅಂದಳು. “ಕೇಳೋರಿಗೆ ಎರಡೂ ಒಂದೇ ಥರ ಇರತ್ತೇನೋ.”

ಓದು ಬರಹ ಬಾರದವರಿಗೆ ಕಲೆ ತಿಳಿಸುವುದು ಕಷ್ಟ.

8 ನವೆಂಬರ್

ಇಂಥ ಭಾನುವಾರ ಜೀವನದಲ್ಲಿ ಇನ್ನೊಂದಿರಲಿಲ್ಲ. ಶಿಕ್ಷೆಯ ಕಂತನ್ನು ಊರೆಲ್ಲ ಓದಿಯಾಗಿತ್ತು. ಮಧ್ಯಾಹ್ನದ ಸಂಗೀತ ಕಚೇರಿಗೆ ಹೋಗಿದ್ದೆವು, ಅಟ್ಟದ ಬೆಂಚು, ಮಂಡಿಗೆ ಮಂಡಿ ತಾಗುವ ಇಕ್ಕಟ್ಟು. ಬುಸ್ಕಾರೆಲ್ ತನ್ನ ಆಸನಕ್ಕೆ ಬರುತ್ತಿದ್ದಂತೆ ಮೇಲಿನ ಅಟ್ಟದಿಂದ ಯಾರೋ ಮೂಗಿನಲ್ಲೇ ಒಂದು ಸ್ವರ ಹಿಡಿದರು. ನೂರು ಜನ ಸೇರಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ನಿಲ್ಲಿಸಿದರು. ಒಂದು ತಾಳ. ಅಷ್ಟೂ ತಲೆಗಳು ಅವನ ಕಡೆ ತಿರುಗಿದವು. ಅವನು ಟೋಪಿ ಕೈಯಲ್ಲಿ ಹಿಡಿದು ನಿಂತೇ ಇದ್ದ, ಕೂರುವುದನ್ನು ಮರೆತವನಂತೆ.

ನಾನು ಕರವಸ್ತ್ರ ಬಾಯಿಗೆ ತುರುಕಿಕೊಂಡು ನಕ್ಕೆ. ಅಪ್ಪ, ನೋಡಿದೆಯಾ, ಎಂದು ಮನಸ್ಸಿನಲ್ಲೇ ಕೂಗಿದೆ. ಆನ್ಸೆಲ್ಮ್‌ಗೆ ಸೆಕೆಯಾಯಿತು. ಎರಡನೆಯ ಭಾಗಕ್ಕೆ ಮುಂಚೆಯೇ ಹೊರಟೆವು. ದಾರಿಯುದ್ದಕ್ಕೂ ನಾನೇ ಮಾತಾಡಿದೆ.

17 ನವೆಂಬರ್

ಬುಸ್ಕಾರೆಲ್ ಬಂದಿದ್ದ. ಇಲ್ಲಿಗೆ. ಐದು ಮಹಡಿ ಹತ್ತಿ.

ಆನ್ಸೆಲ್ಮ್ ಹೊರಗಿದ್ದರು. ಪೆರೀನಮ್ಮ ಬಾಗಿಲು ತೆಗೆದಳು, ಅವನು ಹೊಸ್ತಿಲಲ್ಲೇ ಉಸಿರು ಸುಧಾರಿಸಿಕೊಳ್ಳುತ್ತ ನಿಂತ. ಹತ್ತಿರದಿಂದ ನೋಡಿದರೆ ಅಷ್ಟು ದಪ್ಪವೂ ಅಲ್ಲ, ಊದಿಕೊಂಡಿದ್ದಾನೆ ಅಷ್ಟೆ. ಕಾಲಿಗೆ ಬಟ್ಟೆಯ ಚಪ್ಪಲಿ, ಗಂಟುನೋವು ಇರಬೇಕು.

“ಮದಾಂ, ನಿಮ್ಮ ಯಜಮಾನರು ಇಲ್ಲದ್ದು ಒಳ್ಳೇದೇ ಆಯ್ತು. ಹೆಂಗಸರು ಹೇಳಿದ್ರೆ ಬರಹಗಾರರು ಕೇಳ್ತಾರೆ. ನನ್ನ ಮನೆ ಕೆಳಗೆ ಬೀದಿ ಮಕ್ಕಳು ಕೂಡ ಹಾಡಿ ನಿಲ್ಲಿಸ್ತಾರೆ. ನನ್ನ ಅಕ್ಕನಿಗೆ ವಯಸ್ಸಾಗಿದೆ, ಅವಳು ಅಳ್ತಾಳೆ. ನಾನೇನು ಮಾಡಿದೆ ಅಂತ ಹೇಳಿ, ಕ್ಷಮೆ ಕೇಳ್ತೀನಿ.”

“ಮೊಂತ್ರಿವೆಲ್,” ಅಂದೆ. “ಅಲ್ಲಿನ ಗುರುವಿನ ಮಗಳು ನಾನು.”

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ನಟನೆಯಲ್ಲ, ನಿಜವಾಗಿ ಯೋಚಿಸಿದ. “ಕಪ್ಪೆಗಳದ್ದಾ? ತಾಯಿ, ನಾನು ಪ್ಯಾರಿಸ್ಸಿನ ಗೇಟು ದಾಟಿ ಒಂಬತ್ತು ವರ್ಷ ಆಯ್ತು. ಗಾಡಿ ಕುಲುಕಿದ್ರೆ ನನ್ನ ಕಾಲು ಕತ್ತರಿಸಿಹಾಕಿದ ಹಾಗಾಗತ್ತೆ. ಊರುಗಳಿಗೆಲ್ಲ ಹೊಸ ಹುಡುಗರನ್ನ ಕಳಿಸ್ತೀನಿ. ಅವರು ಬರೀತಾರೆ, ನಾನು ಸಹಿ ಹಾಕ್ತೀನಿ. ಎಲ್ಲ ಪತ್ರಿಕೇಲೂ ಹಾಗೇ. ನಿಮ್ಮ ಯಜಮಾನರನ್ನೇ ಕೇಳಿ, ಅವರೂ ಹಾಗೇ ಮೇಲೆ ಬಂದಿರ್ತಾರೆ.”

“ಹಾಗಾದ್ರೆ ಬರೆದವನು ಯಾರು?”

“ಎಷ್ಟೋ ಜನ ಬಂದ್ರು, ಹೋದ್ರು. ಒಬ್ಬರ ಮುಖವೂ ನೆನಪಿಲ್ಲ. ನಗಿಸೋ ಹಾಗೆ ಬರೀ ಅಂತ ಮಾತ್ರ ಎಲ್ಲರಿಗೂ ಹೇಳ್ತಿದ್ದೆ. ಅದು ನನ್ನ ತಪ್ಪೇ.”

ಸುಳ್ಳುಗಾರ. ತನ್ನ ತಪ್ಪನ್ನು ಹೆಸರಿಲ್ಲದ ಹುಡುಗರ ಮೇಲೆ ಹಾಕುತ್ತಾನೆ. ಹೊರಗೆ ಹೋಗಲು ಬಾಗಿಲು ತೋರಿಸಿದೆ. ಮೆಟ್ಟಿಲಿಳಿಯುವಾಗ ಪ್ರತಿ ಮೆಟ್ಟಿಲಿಗೂ ನರಳಿದ. ಎಣಿಸುತ್ತ ನಿಂತು ಸಂತೋಷಪಟ್ಟೆ.

ಸಂಜೆ ಆನ್ಸೆಲ್ಮ್‌ಗೆ ಹೇಳಿದಾಗ ಅವರ ಮೊದಲ ಪ್ರಶ್ನೆ: “ಹೆಸರು ಹೇಳಿದನಾ?”

“ನೆನಪೇ ಇಲ್ವಂತೆ. ನೋಡಿ ಎಂಥ ಖದೀಮ.”

“ಹೌದು,” ಅಂದರು. ಆಮೇಲೆ ಬಹಳ ಲವಲವಿಕೆಯಿಂದ ಊಟ ಮಾಡಿದರು.

26 ನವೆಂಬರ್

ಇಂದಿನ ಕಂತಿನಲ್ಲಿ ಪ್ರವಾಸಿ ಮೊದಲ ದಿನ ಮುದಿ ಗುರುವನ್ನು ಕಂಡದ್ದನ್ನು ನೆನೆಯುತ್ತಾನೆ. ಆನ್ಸೆಲ್ಮ್ ಬರೆದುದರಲ್ಲೆಲ್ಲ ಇದೇ ಚೆಲುವಾದದ್ದು. ಬೇಗ ಬೇಗ ಗೀಚಿದ್ದಾರೆ, ಒಂದು ಕಾಟೂ ಇಲ್ಲ. ಗುರು ಬಟ್ಟೆ ಬಡಿಯುವ ಕೋಲಿನಿಂದ ತಾಳ ಹಾಕುತ್ತಿದ್ದಾನೆ. ಬಿಡುವಿನಲ್ಲಿ ಕೋಟಿನ ಜೇಬಿನಿಂದ ಒಂದು ಮರಸೇಬು ತೆಗೆದು, ತೋಳಿಗೆ ಉಜ್ಜಿ, ಪ್ರವಾಸಿಗೆ ಕೊಡುತ್ತಾನೆ. ‘ತಿನ್ನು ಮಗಾ, ದಾರಿ ದೂರ.’ ಪ್ರವಾಸಿ ಬೀಜದವರೆಗೂ ತಿನ್ನುತ್ತಾನೆ.

ಎರಡು ಸಲ ಪ್ರತಿ ಮಾಡಿದೆ, ಮೊದಲನೆಯದು ಅಷ್ಟು ನೇರವಾಗಿ ಬರಲಿಲ್ಲ. ಪೆರೀನಮ್ಮ ಕಾಯುತ್ತಿದ್ದಳು.

ನಾನು ಆನ್ಸೆಲ್ಮ್‌ಗೆ ಮರಸೇಬಿನ ವಿಷಯ ಯಾವತ್ತು ಹೇಳಿದೆ?

27 ನವೆಂಬರ್

ಹೇಳಿಲ್ಲ. ಪೆಟ್ಟಿಗೆಯ ತಳದಲ್ಲಿ, ಶಾಲೆಯ ಸಮವಸ್ತ್ರದ ಕೆಳಗೆ ಅಪ್ಪನ ಕಾಗದವಿದೆ. ಅದನ್ನು ನಾನು ಯಾರಿಗೂ ತೋರಿಸಿಲ್ಲ, ಎರಡು ವರ್ಷದ ಹಿಂದೆ ಓದಿದ್ದರಲ್ಲಿ ಮರಸೇಬೊಂದೇ ನೆನಪಿತ್ತು, ಮತ್ತೆ ಓದಿದರೆ ಅಳು ಬರುತ್ತದೆಂದು ನಾನೂ ತೆಗೆದಿರಲಿಲ್ಲ. ಇವತ್ತು ತೆಗೆದೆ. ಅಳು ಬರಲಿಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ.

‘ಜೆಲಿ ಪುಟ್ಟೀ, ನಮ್ಮ ಹಾಡು ಕೇಳಲು ಪ್ಯಾರಿಸ್ಸಿನ ಪತ್ರಿಕೆಯವರು ಬಂದಿದ್ದರು. ದೊಡ್ಡವರಲ್ಲ, ಅವರು ಕಳಿಸಿದ ಒಬ್ಬ ಹುಡುಗ. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಲಗೈ ಗವಸಿನ ಹೆಬ್ಬೆರಳು ಹರಿದಿತ್ತು, ಪಾಪ. ನನ್ನ ಕೋಲು ಮುರಿದು ಮಾರ್ಗೆರೀತ್‌ಳ ಬಟ್ಟೆ ಬಡಿಯುವ ಕೋಲಿನಲ್ಲೇ ತಾಳ ಹಾಕಿದೆ, ಎಲ್ಲರೂ ನಕ್ಕರು. ಹುಡುಗ ಹಸಿದಿದ್ದ. ಒಂದು ಮರಸೇಬು ಕೊಟ್ಟೆ, ಬೀಜದವರೆಗೂ ತಿಂದ. ಇಂಥದ್ದು ತಿಂದೇ ಇಲ್ಲ ಅಂದ. ನಮ್ಮ ಬಗ್ಗೆ ಒಳ್ಳೆಯದು ಬರೆಯುತ್ತಾನೆ, ಮುಖ ನೋಡಿದರೆ ಗೊತ್ತಾಗುತ್ತದೆ.’

ಲೇಖನದಲ್ಲಿ ಕೋಲೂ ಇಲ್ಲ, ಮರಸೇಬೂ ಇಲ್ಲ. ಮೊಂತ್ರಿವೆಲ್ ಹೇಗಿರುತ್ತದೆ, ತೋರಿಸೇ ಎಂದು ಆನ್ಸೆಲ್ಮ್ ಮದುವೆಯ ಮುಂಚೆ ನನ್ನನ್ನು ಎಷ್ಟು ಸಲ ಕೇಳಿದ್ದಾರೆ.

28 ನವೆಂಬರ್

ಬೆಳಿಗ್ಗೆ ಹಣೆಗೆ ಮುತ್ತಿಟ್ಟರು. ಇಟ್ಟುಕೊಳ್ಳಲಿ ಎಂದು ಸುಮ್ಮನಿದ್ದೆ.

3 ಡಿಸೆಂಬರ್

ಎಲೆಕೋಸಿನ ಸೂಪು. ಪ್ರತಿ ಮಾಡಿದೆ, ಹನ್ನೊಂದು ಹಾಳೆ. ಮೂರನೆಯ ಹಾಳೆಯಲ್ಲಿ ಪ್ರವಾಸಿಯ ಕೈಗೆ ಗವಸು ತೊಡಿಸಿದೆ. ಅವರು ಬರೆದಿರಲಿಲ್ಲ. ಬಲಗೈ ಹೆಬ್ಬೆರಳು ಹರಿದಿದೆ ಎಂದೂ ಸೇರಿಸಿದೆ.

4 ಡಿಸೆಂಬರ್

ಕಾಫಿ ಕುಡಿಯುತ್ತ ಓದಿದರು. ಆ ಸಾಲಿನ ಹತ್ತಿರ ಬಟ್ಟಲು ನಿಂತಿತು. “ಈ ಗವಸು ನಾನು ಬರೆದಿದ್ನಾ?”

“ನೀವಲ್ಲದೆ ಇನ್ಯಾರು ಬರೀತಾರೆ?”

“ನೆನಪಿಲ್ಲ. ತುಂಬ ದಣಿದಿದ್ದೀನಿ.” ಆಮೇಲೆ, “ಚೆನ್ನಾಗಿದೆ,” ಅಂದರು.

ಚೆನ್ನಾಗಿಯೇ ಇದೆ. ಅವರ ವಾಕ್ಯಗಳಲ್ಲಿ ವಿಶೇಷಣ ಹೆಚ್ಚು. ಎರಡು ತೆಗೆದರೆ ಉಳಿದ ಒಂದು ಕಚ್ಚುತ್ತದೆ. ಇದು ಮೊದಲೇ ಏಕೆ ಕಾಣಲಿಲ್ಲವೋ.

12 ಡಿಸೆಂಬರ್

ಕೊನೆಯ ಕಂತು. ಅವನು ಬರೆದುಕೊಟ್ಟದ್ದು ಹೀಗಿದೆ: ತಗಡಿನ ಕಿವಿಯವನ ಗಂಟೆಯನ್ನು ಒಡೆದು ನದಿಗೆ ಎಸೆಯುತ್ತಾರೆ. ಪ್ರವಾಸಿ ಗುರುವಿನ ಮಗಳನ್ನು ಮದುವೆಯಾಗುತ್ತಾನೆ. ಇಬ್ಬರ ಗಂಟೆಗಳೂ ಒಂದೇ ಗೋಪುರದಲ್ಲಿ ನುಡಿಯುತ್ತವೆ. ಮುಗಿಯಿತು. ಬರೆದುಕೊಟ್ಟು ಕ್ಷೌರಕ್ಕೆ, ಅಲ್ಲಿಂದ ಊಟಕ್ಕೆ ಹೋದ.

ನಾನು ಅದನ್ನು ಒಲೆಯ ಪಕ್ಕ ಇಟ್ಟು ಹೊಸ ಹಾಳೆ ತೆಗೆದುಕೊಂಡೆ. ನಾಲ್ಕು ತಾಸು ಬರೆದಿದ್ದೇನೆ. ಒಂದು ಕಾಟೂ ಇಲ್ಲ. ಮೂರಾದಾಗ ಪೆರೀನಮ್ಮ ಬಂದು ನಿಂತಳು, ಕೂರಲು ಹೇಳಿದೆ.

ನನ್ನ ಕಂತಿನಲ್ಲಿ ತೀರ್ಪಿನ ದಿನ ತಗಡಿನ ಕಿವಿಯವನು ಗೋಪುರದ ಕೆಳಗೆ ನಿಂತು ಹೇಳುತ್ತಾನೆ: ‘ಮುದ್ರೆ ನನ್ನದು, ಮಾತು ನನ್ನದಲ್ಲ.’ ಹಾಗಾದರೆ ಯಾರದು ಎಂದು ಊರು ಕೇಳುತ್ತದೆ. ಯಾರೂ ಬಾಯಿ ಬಿಡುವುದಿಲ್ಲ. ಗುರುವಿನ ಮಗಳು ಜನರ ನಡುವೆ ನಡೆದು ಹೋಗಿ ಪ್ರತಿಯೊಬ್ಬರ ಕೈಗೂ ಒಂದೊಂದು ಮರಸೇಬು ಕೊಡುತ್ತ ಬರುತ್ತಾಳೆ. ಎಲ್ಲರೂ ತಿನ್ನುತ್ತಾರೆ. ಒಬ್ಬನಿಗೆ ಮಾತ್ರ ನುಂಗಲಾಗುವುದಿಲ್ಲ. ಅವನ ಗವಸಿನ ಹೆಬ್ಬೆರಳು ಹರಿದಿದೆ. ಅವಳು ಏನೂ ಹೇಳುವುದಿಲ್ಲ. ಮೇಲೆ ಹೋಗಿ, ತಗಡಿನ ಕಿವಿಯವನ ಗಂಟೆಯನ್ನು ಅದರ ಕೊಕ್ಕೆಗೆ ಮತ್ತೆ ಹಾಕಿ, ಪ್ರವಾಸಿಯ ಗಂಟೆಯನ್ನು ತಾನೇ ಬಿಚ್ಚಿ ಕೆಳಗಿಳಿಸುತ್ತಾಳೆ. ಮರುದಿನ ಬೆಳಿಗ್ಗೆ ಇಡೀ ಊರು ಒಂದು ತಾಳದಷ್ಟು ಸುಮ್ಮನಿರುತ್ತದೆ.

ಪೆರೀನಮ್ಮ ಕಟ್ಟನ್ನು ಕೈಯಲ್ಲಿ ತೂಗಿ ನೋಡಿ, “ಇವತ್ತು ದಪ್ಪ ಇದೆ,” ಅಂದಳು.

“ಇವತ್ತು ಮುಗೀತಲ್ಲ.”

ಬರುವಾಗ ಸಂತೆಯಿಂದ ಮರಸೇಬು ತರಲು ಹೇಳಿದೆ. ಒಂಬತ್ತು ತಂದಳು, ಇನ್ನೂ ಸ್ವಲ್ಪ ಗಟ್ಟಿ. ಅವನ ಹಾಳೆಗಳನ್ನು ಒಲೆಗೆ ಹಾಕಿದೆ.

13 ಡಿಸೆಂಬರ್

ಅವನ ತಟ್ಟೆಯ ಮೇಲೆ ಒಂದು ಮರಸೇಬು ಇಟ್ಟು ಪಕ್ಕದಲ್ಲಿ ಪತ್ರಿಕೆ ಇಟ್ಟೆ.

ಅವನು ಮೊದಲು ಹಣ್ಣನ್ನು ನೋಡಿದ, ಆಮೇಲೆ ಓದಿದ. ಎರಡನೆಯ ಅಂಕಣಕ್ಕೆ ಬರುವಷ್ಟರಲ್ಲಿ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಪೂರ್ತಿ ಓದಿದ. ಪತ್ರಿಕೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದ.

“ಎಷ್ಟು ದಿನದಿಂದ ಗೊತ್ತು?”

“ಮರಸೇಬು ಬರೆದ ದಿನದಿಂದ.”

“ಅದು ಬರೆದದ್ದೇ ಗೊತ್ತಾಗ್ಲಿಲ್ಲ ಜೆಲಿ. ಬೇರೆ ಏನೂ ಹೊಳೀದೆ ಅದು ತಾನಾಗೇ ಬಂತು.” ಅವನ ಧ್ವನಿ ಬೇರೆ ಯಾರದೋ ಆಗಿತ್ತು. “ಆವತ್ತು ನಾನು ಗಾಡೀಲಿ ವಾಪಸ್ ಬರ್ತಾ ಚೆನ್ನಾಗೇ ಬರೆದಿದ್ದೆ. ಬುಸ್ಕಾರೆಲ್ ಓದಿ, ಇದ್ರಲ್ಲಿ ನಗು ಎಲ್ಲಿ ಅಂದ. ಅವನ ಎದುರೇ ಕೂತು, ಅರ್ಧ ಗಂಟೇಲಿ ಆ ಕಪ್ಪೆ ಬರೆದೆ. ಅವನು ಹೊಟ್ಟೆ ಹಿಡ್ಕೊಂಡು ನಕ್ಕ. ನನಗೂ ಖುಷಿಯಾಯ್ತು. ಅದು ನಿಜ, ಖುಷಿಯಾಯ್ತು.”

“ಅಪ್ಪ ಸತ್ತಿದ್ದು ಗೊತ್ತಿತ್ತಾ?”

“ಆಮೇಲೆ ಗೊತ್ತಾಯ್ತು. ಶಾಲೆ ಬಿಟ್ಟ ಮೇಲೆ ನೀನಿದ್ದ ನಿನ್ನ ಸೋದರತ್ತೆ ಮನೆಗೆ ನಾನು ಮೊದಲ ದಿನ ಬಂದಿದ್ದೇ ನಿನಗೆ ಅದನ್ನ ಹೇಳೋಕೆ. ನೀನು ಬಾಗಿಲು ತೆಗೆದು, ಒಳಗೆ ಬನ್ನಿ ಮಳೇಲಿ ನೆನೀಬೇಡಿ ಅಂದೆ. ಆಮೇಲೆ ಹೇಳೋಕೆ ಆಗ್ಲಿಲ್ಲ. ದಿನಾ ಆಗ್ಲಿಲ್ಲ.”

“ಅದಕ್ಕೆ ನಗರಿ ಕಟ್ಟಿದೆಯಾ?”

“ಹೌದು. ಅದಕ್ಕೇ ಕಟ್ಟಿದೆ.”

“ಬುಸ್ಕಾರೆಲ್‌ನ ನಾನು ಒಂದೂವರೆ ತಿಂಗಳು ಚುಚ್ಚಿ ಕೊಂದಾಗ ಸುಮ್ಮನೆ ಕೂತಿದ್ದೆಯಲ್ಲ. ಅವನ ಅಕ್ಕ ಅಳ್ತಿದ್ಲು.”

ಅವನು ಪತ್ರಿಕೆಯನ್ನು ಪಕ್ಕಕ್ಕೆ ಸರಿಸಿದ. ಹಣ್ಣಿಗೆ ಕೈ ಚಾಚಿದ.

“ಮುಟ್ಟಬೇಡ,” ಅಂದೆ. “ಅದು ನೋಡೋಕೆ ಇಟ್ಟಿದ್ದು.”

21 ಡಿಸೆಂಬರ್

ಬುಸ್ಕಾರೆಲ್‌ಗೆ ಕ್ಷಮೆ ಕೇಳಿ ಬರೆದಿದ್ದೆ. ಉತ್ತರ ಬಂತು. ಅವನ ಮನೆಯ ಕೆಳಗೆ ಈಗ ಯಾರೂ ಹಾಡುವುದಿಲ್ಲವಂತೆ, ಅಕ್ಕ ನಿದ್ದೆ ಮಾಡುತ್ತಾಳಂತೆ. ‘ಕೊನೆಯ ಕಂತು ನಿಮ್ಮ ಯಜಮಾನರ ಕೈಯದಲ್ಲ ಎಂದು ನನಗನ್ನಿಸಿತು. ಅವರು ಇಷ್ಟು ಕಡಿಮೆ ಮಾತಿನಲ್ಲಿ ಯಾರನ್ನೂ ಹೊಡೆದವರಲ್ಲ. ಅದನ್ನು ನಾನು ಯಾರಿಗೂ ಹೇಳುವುದಿಲ್ಲ’ ಎಂದು ಬರೆದಿದ್ದಾನೆ. ಎಷ್ಟಾದರೂ ವಿಮರ್ಶಕ.

ಸಂಪಾದಕರಿಂದಲೂ ಕಾಗದ. ಓದುಗರು ಮುಗಿಯಿತೆಂದು ಒಪ್ಪುತ್ತಿಲ್ಲವಂತೆ. ಪ್ರವಾಸಿಯ ಗಂಟೆಯನ್ನು ಮತ್ತೆ ಏರಿಸುತ್ತಾರೋ ಇಲ್ಲವೋ ಎಂದು ಮನೆಮನೆಯಲ್ಲಿ ಜಗಳವಂತೆ. ಹೊಸ ವರ್ಷದಿಂದ ಮುಂದುವರಿಸಲೇಬೇಕಂತೆ. ಅವನು ಅದನ್ನು ಓದಿ ನನ್ನ ಕಡೆಗೆ ತಳ್ಳಿದ.

“ನಾನು ಬರೆಯೋಕಾಗಲ್ಲ,” ಅಂದ.

“ನೀನು ಬರೀಬೇಕು ಅಂತ ಯಾರು ಅಂದ್ರು?”

6 ಜನವರಿ 1847

ಮೇಜನ್ನು ಕಿಟಕಿಯ ಕಡೆಗೆ ಎಳೆಸಿದ್ದೇನೆ, ಬೆಳಕು ನನ್ನ ಎಡಗಡೆಯಿಂದ ಬರಬೇಕು. ಬೆಳಿಗ್ಗೆ ಏಳರಿಂದ ಬರೆಯುತ್ತೇನೆ. ಅವನು ಎದುರು ಸ್ಟೂಲಿನ ಮೇಲೆ ಕೂತು ಗರಿ ಚೂಪು ಮಾಡುತ್ತಾನೆ, ಮಸಿ ಕಲಸುತ್ತಾನೆ, ಮೂರು ಗಂಟೆಗೆ ಹಾಳೆಗಳನ್ನು ತಾನೇ ಅಚ್ಚಿಗೆ ಒಯ್ಯುತ್ತಾನೆ. ದಾರಿಯಲ್ಲಿ ಓದುತ್ತಾನೆಂದು ಪೆರೀನಮ್ಮ ಹೇಳಿದಳು. ಬೀದಿಯ ನಡುವೆ ನಿಂತು ಓದುತ್ತಿದ್ದನಂತೆ, ಗಾಡಿಯವನು ಬೈದನಂತೆ. ಹೆಸರು ಮಾತ್ರ ಕೆಳಗೆ ಅವನದೇ ಬರುತ್ತದೆ. ಪರವಾಗಿಲ್ಲ, ಈಗ ಅವನಿಗೂ ಇನ್ನೊಬ್ಬರ ಮಾತಿಗೆ ಸಹಿ ಹಾಕುವುದು ಹೇಗಿರುತ್ತದೆಂದು ತಿಳಿಯಲಿ.

ಇವತ್ತು ಕೇಳಿದ. ಗರಿಯ ಮೇಲೇ ಕಣ್ಣಿಟ್ಟು ಕೇಳಿದ. “ಪ್ರವಾಸಿಯ ಗಂಟೆ ಮತ್ತೆ ಹಾಕ್ತೀಯಾ?”

“ಇನ್ನೂ ಗೊತ್ತಿಲ್ಲ.”

“ಯಾವಾಗ ಗೊತ್ತಾಗತ್ತೆ?”

“ಅಪ್ಪ ಒಂದು ತಾಳ ಕಾಯ್ತಿದ್ದ. ನನ್ನ ತಾಳ ಸ್ವಲ್ಪ ಉದ್ದ.”

ಪೆರೀನಮ್ಮ ಪಾತ್ರೆ ತಿಕ್ಕುತ್ತಿದ್ದವಳು ನಿಲ್ಲಿಸಿ, ಮತ್ತೆ ತಿಕ್ಕಿದಳು.

ಒಂಬತ್ತು ಮರಸೇಬುಗಳಲ್ಲಿ ಎಂಟನ್ನು ನಾನೂ ಪೆರೀನಮ್ಮನೂ ತಿಂದಾಯಿತು. ತಟ್ಟೆಯ ಮೇಲಿದ್ದದ್ದು ಒಂದು ಉಳಿದಿದೆ. ಅದೀಗ ಚೆನ್ನಾಗಿ ಹಣ್ಣಾಗಿದೆ, ಕೋಣೆಯೆಲ್ಲ ಘಮ. ಇನ್ನು ಎರಡು ದಿನಕ್ಕಿಂತ ಇರದು. ಅವನು ಅದರ ಕಡೆ ನೋಡುತ್ತಾನೆ, ಮುಟ್ಟುವುದಿಲ್ಲ. ತೋಳಿಗೆ ಉಜ್ಜಿ ಕೊಟ್ಟರೆ ಬೀಜದವರೆಗೂ ತಿನ್ನುತ್ತಾನೆ, ನನಗೆ ಗೊತ್ತು.

ಇವತ್ತೂ ಕೊಡಲಿಲ್ಲ.